ಹಿಂಡದೆ ಸೋಸಿದ ಎಣ್ಣೆ

ಸಿದರಾಯನ ಟೆಂಪೋ ಬರುತ್ತಿರುವುದು ಬೆಳಗಾವಿಯ ಉದ್ಯಮಬಾಗದವರಿಗೆ ಕಿವಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಫೌಂಡ್ರಿಗಳ ಸುಟ್ಟ ಉಸುಕಿನ ವಾಸನೆಗೆ ಒಗ್ಗಿಹೋದ ಆ ಮೂಗುಗಳಿಗೂ ಇದು ಹೊಸದು. ಯಾರೋ ಕಹಿ ಎಣ್ಣೆಯಲ್ಲಿ ಭಜಿ ಕರಿಯಲು ಇಟ್ಟು ಮರೆತು ಹೋದ ಹಾಗೆ. ಫೌಂಡ್ರಿ ಗೇಟಿನ ಎದುರಿನ ಚಹಾದಂಗಡಿಯವನು "ಭಜಿ ಗಾಡಿ ಬಂತು" ಎಂದು ಗ್ಲಾಸು ತೊಳೆಯಲು ಶುರುಮಾಡುತ್ತಿದ್ದ. ಅಲ್ಲಿ ನಿಂತ ನಾಲ್ಕು ಜನ ಹಲ್ಲು ಕಿಸಿಯುತ್ತಿದ್ದರು. ಸಿದರಾಯ ಅದನ್ನು ಕಿವಿಗೆ ಹಾಕಿಕೊಳ್ಳದವನಂತೆ ಇಳಿದು ಬಂದು ಚಹಾ ಕುಡಿಯುತ್ತಿದ್ದ. ಆದರೆ ಮನಸ್ಸಿಗೆ ಹಾಕಿಕೊಳ್ಳುತ್ತಿದ್ದ. ನಕ್ಕವರ ಮುಖಗಳನ್ನು ಒಂದೊಂದಾಗಿ ನೆನಪಿನಲ್ಲಿ ಇಟ್ಟುಕೊಳ್ಳುವ ಕೆಟ್ಟ ಚಟ ಅವನಿಗಿತ್ತು.

ಅವನು ಖಾನಾಪುರ ತಾಲೂಕಿನ ಪಾರಿಶ್ವಾಡದವನು. ಮೂರು ತಲೆಮಾರು ಕುರಿ ಕಾಯ್ದ ಮನೆತನ. ಅಪ್ಪ ಮುತ್ತಪ್ಪ ಎಂಬತ್ತು ಕುರಿಗಳನ್ನು ಮಾರಿ ಮಗನಿಗೆ ಈ ಟೆಂಪೋ ಕೊಡಿಸಿ ಆರು ವರ್ಷವಾಗಿತ್ತು. ಕುರಿ ಹೋದ ಮೇಲೆ ಮುದುಕ ಪಡಸಾಲೆಯಲ್ಲಿ ಮಗ್ಗ ಹಾಕಿಕೊಂಡು ಕಂಬಳಿ ನೇಯತೊಡಗಿದ. ಮಾತು ಕಡಿಮೆಯಾಯಿತು. ಹಿಂದೆ ಅವನು ಒಂದು ಕೂಗು ಹಾಕಿದರೆ ಅರ್ಧ ಊರಿಗೆ ಕೇಳುತ್ತಿತ್ತು. ಈಗ ಸೊಸೆ ಸಾವಂತ್ರವ್ವನನ್ನು ನೀರು ಕೇಳುವುದಕ್ಕೂ ಕೈಸನ್ನೆ ಮಾಡುತ್ತಿದ್ದ. ಮಾರಿದ್ದಕ್ಕೆ ಪಶ್ಚಾತ್ತಾಪವಿದೆಯೆಂದು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಸಿದರಾಯನಿಗೆ ಎಷ್ಟೋ ಹಗುರವಾಗುತ್ತಿತ್ತು.

ಟೆಂಪೋದ ದುಡಿಮೆ ಇಷ್ಟೇ. ಬೆಳಗ್ಗೆ ಐದೂವರೆಗೆ ಊರಿನ ಹದಿನೆಂಟು ಜನ ಫೌಂಡ್ರಿ ಕೆಲಸಗಾರರನ್ನು ಹತ್ತಿಸಿಕೊಳ್ಳುವುದು, ಖಾನಾಪುರ, ದೇಸೂರು, ಮಚ್ಛೆ, ಪೀರನವಾಡಿ ದಾಟಿ ಏಳರೊಳಗೆ ಉದ್ಯಮಬಾಗಕ್ಕೆ ಮುಟ್ಟಿಸುವುದು, ಸಂಜೆ ಅವರನ್ನೇ ತಿರುಗಿ ಊರಿಗೆ ತರುವುದು. ನಡುವಿನ ಹೊತ್ತಿನಲ್ಲಿ ಬೆಳಗಾವಿಯ ಸದಾಶಿವನಗರದಲ್ಲಿ ಯಾರಾದರೂ ಮನೆ ಬದಲಿಸಿದರೆ ಅವರ ಕಪಾಟು, ಪಲ್ಲಂಗ ಸಾಗಿಸುವುದು. ಡೀಸೆಲ್ ದರ ಮೇಲಿಂದ ಮೇಲೆ ಏರುತ್ತಿತ್ತು. ಏರಿದಷ್ಟು ಸೀಟಿಗೆ ಏರಿಸಿದರೆ ಫೌಂಡ್ರಿಯವರ ಪಗಾರ ದಾರಿಯಲ್ಲೇ ಕರಗುತ್ತಿತ್ತು. ಅಷ್ಟರಲ್ಲಿ ಬೆಳಗಾವಿಯ ಒಬ್ಬ ಕಂತ್ರಾಟದಾರ ಹೊಸ ಬಸ್ಸು ತಂದು, ಗಣಪತಿ ಚೌತಿಯಿಂದ ಪಾರಿಶ್ವಾಡಕ್ಕೂ ಬಿಡುತ್ತೇನೆ, ಟೆಂಪೋಕ್ಕಿಂತ ಅಗ್ಗದಲ್ಲಿ ಒಯ್ಯುತ್ತೇನೆ ಎಂದು ಹೇಳಿ ಕಳಿಸಿದ. ಹದಿನೆಂಟು ಜನ ಆ ಬಸ್ಸು ಹತ್ತಿದರೆ ಸಿದರಾಯ ಟೆಂಪೋ ಮಾರಬೇಕು. ಟೆಂಪೋ ಮಾರಿದರೆ ಅಪ್ಪನ ಎಂಬತ್ತು ಕುರಿ ಸುಮ್ಮಸುಮ್ಮನೆ ಹೋದವು ಎಂದೇ ಅರ್ಥ. ಅವನ ನಿದ್ದೆ ಕೆಡಿಸಿದ್ದು ಇದು.

ದಾರಿ ತೋರಿಸಿದವನು ಉದ್ಯಮಬಾಗದ ಫಿಟ್ಟರ್ ಗಜಾನನ. ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವ, ಯಾವ ಎಂಜಿನ್ ಕಂಡರೂ ಬಿಚ್ಚಬೇಕೆನ್ನುವ ಮನುಷ್ಯ. ಡೀಸೆಲ್ ಎಂಜಿನ್ನು ಮೊದಮೊದಲು ಶೇಂಗಾ ಎಣ್ಣೆಯಲ್ಲೂ ಓಡಿತ್ತು, ಹೊಂಗೆ ಎಣ್ಣೆಯಲ್ಲೂ ಓಡುತ್ತದೆ, ಆದರೆ ಆ ಎಣ್ಣೆ ದಪ್ಪ, ಅದನ್ನು ಬಿಸಿ ಮಾಡಿ ಕೊಡಬೇಕು ಎಂದು ಅವನು ಹೇಳಿದ. ಬರೀ ಹೇಳಿ ಬಿಡಲಿಲ್ಲ. ಸೈಲೆನ್ಸರಿನ ಸುತ್ತ ತಾಮ್ರದ ಕೊಳವೆ ಸುತ್ತಿ, ಎಣ್ಣೆಗೆ ಒಂದು ದೊಡ್ಡ ಡಬ್ಬಿ, ಡೀಸೆಲ್ಲಿಗೆ ಒಂದು ಸಣ್ಣ ಡಬ್ಬಿ ಕೂಡಿಸಿ, ನಡುವೆ ಒಂದು ಕಾಕ್ ಇಟ್ಟುಕೊಟ್ಟ. ಗಾಡಿ ಚಾಲೂ ಮಾಡುವಾಗ ಡೀಸೆಲ್ಲು. ಸೈಲೆನ್ಸರ್ ಕಾದ ಮೇಲೆ ಕಾಕ್ ತಿರುವಿ ಎಣ್ಣೆ. ಬಂದ್ ಮಾಡುವ ಮುಂಚೆ ಮತ್ತೆ ಡೀಸೆಲ್ಲು. ಎಣ್ಣೆ ಒಳಗಿದ್ದಾಗ ಎಂಜಿನ್ನು ಆರಿದರೆ ಅದು ಅಲ್ಲೇ ಗಟ್ಟಿಯಾಗುತ್ತದೆ, ಆಮೇಲೆ ಗಾಡಿ ಎಬ್ಬಿಸಲು ದೇವರೇ ಬರಬೇಕು ಎಂದು ಮೂರು ಸಲ ಹೇಳಿದ.

ಹೊಂಗೆ ಬೀಜಕ್ಕೇನು ಬರ? ಪಾರಿಶ್ವಾಡದ ಹಳ್ಳದ ದಂಡೆಗೆ, ಹೊಲದ ಬದುವಿಗೆ ಎಲ್ಲೆಲ್ಲೂ ಹೊಂಗೆ ಗಿಡ. ಹೋಳಿ ಹುಣ್ಣಿಮೆ ಮುಗಿದದ್ದೇ ತಡ, ಸಾವಂತ್ರವ್ವ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಕಾಯಿ ಬಡಿದು ಗೋಣಿಗಟ್ಟಲೆ ಬೀಜ ತಂದಳು. ಊರಲ್ಲಿ ಜೈನರ ಪದ್ಮಾಕರ ಅವರ ಎಣ್ಣೆ ಗಿರಣಿ ಇತ್ತು. ಅಲ್ಲಿ ಅರೆಸಿ ತಂದ ಎಣ್ಣೆಯನ್ನು ಮನೆಯಲ್ಲಿ ಸೋಸುವ ಕೆಲಸ ಮುತ್ತಪ್ಪ ತಾನೇ ಮೈಮೇಲೆ ಹಾಕಿಕೊಂಡ. ಯಾರೂ ಕೇಳಿರಲಿಲ್ಲ. ಆರು ವರ್ಷದಲ್ಲಿ ಟೆಂಪೋಕ್ಕೆ ಸಂಬಂಧಪಟ್ಟ ಒಂದು ಕೆಲಸಕ್ಕೆ ಅಪ್ಪ ಕೈ ಹಾಕಿದ್ದು ಇದೇ ಮೊದಲು. ಸಿದರಾಯ ಹಿಗ್ಗಿಹೋದ.

ಏಪ್ರಿಲ್, ಮೇ ಎರಡು ತಿಂಗಳು ಗಾಡಿ ಓಡಿತು. ಭಜಿ ವಾಸನೆ ಬಿಟ್ಟರೆ ಯಾರಿಗೂ ತಕರಾರು ಇರಲಿಲ್ಲ. ಸೀಟಿನ ದರ ಇಳಿಸಿದ ಮೇಲಂತೂ ವಾಸನೆಯೂ ಸುವಾಸನೆಯಾಯಿತು. ಕಂತ್ರಾಟದಾರನ ಬಸ್ಸಿನ ಮಾತು ತಣ್ಣಗಾಗತೊಡಗಿತು.

ಜೂನಿನಲ್ಲಿ ಮಿರಗದ ಮೊದಲ ಮಳೆ ಬಿದ್ದ ಮರುದಿನ ಬೆಳಗ್ಗೆ ದೇಸೂರಿನ ಆಚೆಯ ಏರಿನಲ್ಲಿ ಗಾಡಿ ನಿಂತಿತು. ಎರಡು ಸಲ ಕೆಮ್ಮಿತು, ಒಮ್ಮೆ ನಡುಗಿತು, ಆಮೇಲೆ ಉಸಿರೇ ಇಲ್ಲ. ಸಿದರಾಯ ಫಿಲ್ಟರ್ ಬಿಚ್ಚಿದರೆ ಒಳಗೆ ಕಂದು ರಾಡಿ, ಬೆರಳು ಹಾಕಿದರೆ ಅಂಟಿಕೊಳ್ಳುವಷ್ಟು. ಹದಿನೆಂಟು ಜನ ಮಳೆಯಲ್ಲಿ ಇಳಿದು ಗಾಡಿ ನೂಕಿದರು. ನೂಕಿದರೆ ಏಳುವ ರೋಗವಲ್ಲ ಅದು. ಸಿಕ್ಕ ಗಾಡಿ ಹತ್ತಿ ಅವರು ಫೌಂಡ್ರಿ ಮುಟ್ಟುವಾಗ ಹತ್ತು ಗಂಟೆ. ಅರ್ಧ ದಿನದ ಪಗಾರ ಹೋಯಿತು, ಮೇಲೆ ಬೈಗುಳ ಬಿತ್ತು. ಟೆಂಪೋವನ್ನು ಗಜಾನನ ಬಂದು, ಕೊಳವೆಗಳನ್ನೆಲ್ಲ ಬಿಚ್ಚಿ ತೊಳೆದು ಎಬ್ಬಿಸಿದ. ಸಂಜೆ ಸಾತಪ್ಪ ಎಲ್ಲರ ಪರವಾಗಿ ಬಂದ. ಸಾತಪ್ಪ ಅವರಲ್ಲೇ ಹಿರಿಯ, ಇಪ್ಪತ್ತು ವರ್ಷದಿಂದ ಕಬ್ಬಿಣ ಕರಗಿಸುವ ಭಟ್ಟಿಯ ಮುಂದೆ ನಿಂತವನು. ಸುತ್ತಿಬಳಸಿ ಮಾತಾಡುವ ರೂಢಿ ಅವನಿಗಿರಲಿಲ್ಲ.

"ಸಿದರಾಯಾ, ನಿನ್ನ ಮ್ಯಾಲ ನಮಗ ಸಿಟ್ಟಿಲ್ಲ. ಆದರ ನಮ್ಮ ಹೊಟ್ಟಿ ನಿನ್ನ ಡಬ್ಬ್ಯಾಗ ಇಡಾಕ ಆಗೂದಿಲ್ಲ," ಎಂದ. "ಚೌತಿ ತನಕ ನೋಡತೇವಿ. ಇನ್ನೊಮ್ಮೆ ಹಾದ್ಯಾಗ ನಿಂತರ, ಎಲ್ಲಾರೂ ಬಸ್ಸ ಹತ್ತತೇವಿ."

ಬರೀ ಡೀಸೆಲ್ಲಿಗೆ ತಿರುಗಿ ಹೋಗೋಣವೆಂದರೆ ಆ ಸೀಟಿನ ದರದಲ್ಲಿ ಒಂದು ತಿಂಗಳೂ ಗಿಟ್ಟುವುದಿಲ್ಲ. ಎಣ್ಣೆಯಲ್ಲೇ ಓಡಬೇಕು, ಓಡಿದರೆ ನಿಲ್ಲಬಾರದು. ಸಿದರಾಯ ಸಿಟ್ಟಿನಿಂದ ನೇರ ಪದ್ಮಾಕರ ಅವರ ಗಿರಣಿಗೆ ಹೋದ. ನಿಮ್ಮ ಗಿರಣಿಯ ಕಸ ನನ್ನ ಗಾಡಿ ಕೆಡಿಸಿತು ಎಂದು ಬಾಯಿಗೆ ಬಂದಂತೆ ಅಂದ. ಮೂರು ತಲೆಮಾರಿನಿಂದ ಗಿರಣಿ ನಡೆಸಿದ ಪದ್ಮಾಕರರ ಮುಖ ಕೆಂಪಾಯಿತು. ಆಗ ಒಳಮನೆಯಿಂದ ಅವರ ಹೆಂಡತಿ ಜಿನಮತಿ ಹೊರಗೆ ಬಂದರು.

ಅರವತ್ತು ದಾಟಿದ, ತೆಳ್ಳಗಿನ, ಸಿಡುಕಿನ ಹೆಂಗಸು. ಹೊತ್ತು ಮುಳುಗಿದ ಮೇಲೆ ಬಾಯಿಗೆ ನೀರೂ ಹಾಕಿಕೊಳ್ಳದವರು. ಊರಿನವರೆಲ್ಲ ಅವರಿಗೆ ಅಕ್ಕಾರು ಎನ್ನುತ್ತಿದ್ದರು, ಎದುರು ನಿಂತರೆ ಹೆದರುತ್ತಿದ್ದರು. ಅವರು ಗಂಡನನ್ನು ಸುಮ್ಮನಿರಿಸಿ ಒಂದೇ ಪ್ರಶ್ನೆ ಕೇಳಿದರು: ಎಣ್ಣೆ ಹೇಗೆ ಸೋಸುತ್ತೀರಿ? ಸಿದರಾಯ ಹೆಮ್ಮೆಯಿಂದಲೇ ಹೇಳಿದ. ಅಪ್ಪ ಸೋಸುತ್ತಾನೆ, ಹಳೇ ಧೋತರದಲ್ಲಿ ಹಾಕಿ, ಒಂದು ಹನಿ ಉಳಿಯದಂತೆ. ಜಿನಮತಿ ತಲೆಯ ಮೇಲೆ ಸೆರಗು ಎಳೆದುಕೊಂಡು, ನಡಿ ನೋಡೋಣ ಎಂದು ಅವನ ಹಿಂದೆಯೇ ಹೊರಟರು.

ಅವರು ಬಂದಾಗ ಮುತ್ತಪ್ಪ ಅದೇ ಕೆಲಸದಲ್ಲಿದ್ದ. ಇಲ್ಲಿ ಒಂದು ಮಾತು ಹೇಳಬೇಕು. ಕಂಬಳಿ ನೇಯುವ ಮನೆಗಳಲ್ಲಿ ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಬೀಜ ಬೇಯಿಸಿ, ಅರೆದು, ಬಟ್ಟೆಗೆ ಹಾಕಿ ಇಬ್ಬರು ಎರಡು ತುದಿ ಹಿಡಿದು ತಿರುವುತ್ತ ಹಿಂಡುತ್ತಾರೆ. ಗಂಜಿ ಎಷ್ಟು ಬಿಗಿಯಾಗಿ ಹಿಂಡಿದರೆ ಕಂಬಳಿ ಅಷ್ಟು ಗಟ್ಟಿ. ಯಾರ ಕೈ ಚೆನ್ನಾಗಿ ಹಿಂಡುತ್ತದೋ ಅವನೇ ಆ ಮನೆಯಲ್ಲಿ ಗಂಡಸು. ಮುತ್ತಪ್ಪ ಎಣ್ಣೆಯ ಬಟ್ಟೆಯನ್ನೂ ಹಾಗೇ, ಒಂದು ತುದಿ ಮಗ್ಗದ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಎರಡೂ ಮುಷ್ಟಿಯಲ್ಲಿ ಹಿಡಿದು ಮೈಯೆಲ್ಲ ನರ ಉಬ್ಬುವಂತೆ ಹಿಂಡುತ್ತಿದ್ದ. ಎಪ್ಪತ್ತರ ಮುದುಕನಿಗೆ ಆ ಶಕ್ತಿ ಎಲ್ಲಿಂದ ಬಂತೋ!

"ನೋಡ್ರಿ ಅಕ್ಕಾರ," ಎಂದ ಮುತ್ತಪ್ಪ. "ನನ್ನ ಕೈ ಹಿಂಡಿದ ಬಟ್ಟ್ಯಾಗ ಒಂದ ಹನಿ ಸಿಕ್ಕರ ಕೇಳ್ರಿ."

ಜಿನಮತಿ ಕೆಳಗಿನ ಪಾತ್ರೆಯಲ್ಲಿ ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ ನೋಡಿದರು.

"ಮುತ್ತಪ್ಪಣ್ಣ, ಬಟ್ಟಿ ತಡದದ್ದನ್ನೆಲ್ಲಾ ನೀವು ಹಿಂಡಿ ಹಿಂಡಿ ತಿರುಗಿ ಎಣ್ಣಿಗೇ ಹಾಕಾಕತ್ತೀರಿ," ಎಂದರು. "ನಮ್ಮ ಮನ್ಯಾಗ ಕುಡಿಯೂ ನೀರ ಸೋಸೂ ಬಟ್ಟಿ ನಾವು ಎಂದೂ ಹಿಂಡಂಗಿಲ್ಲ. ಹಿಂಡಿದರ ಅದರಾಗ ಸಿಕ್ಕ ಜೀವ ಸಾಯತಾವ, ಉಳದ ಹೊಲಸು ಕೆಳಗ ಬೀಳತೈತಿ. ಸೋಸೂದು ಬಟ್ಟಿ ಕೆಲಸ. ಕೈ ಕೆಲಸ ಅಲ್ಲ."

ಮುತ್ತಪ್ಪ ಬಟ್ಟೆಯ ತುದಿ ಬಿಟ್ಟು ಎಣ್ಣೆಯಲ್ಲಿ ಮಿಂದ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಗಾಡಿ ಕೆಡಿಸಿದ್ದು ಗಿರಣಿಯಲ್ಲ, ಅಪ್ಪನ ಪ್ರೀತಿ ಎಂಬುದು ಸಿದರಾಯನಿಗೆ ಆಗ ತಿಳಿಯಿತು. ಪದ್ಮಾಕರ ಅವರಿಗೆ ಅಂದ ಮಾತಿಗೆ ನಾಲಿಗೆ ಕಚ್ಚಿಕೊಂಡ. ಅಪ್ಪನ ಮುಖ ನೋಡಲಾರದೆ ಗೋಡೆ ನೋಡಿದ. ಮುತ್ತಪ್ಪ, ಹಾಗಾದರೆ ಈ ಕೈ ಏನು ಮಾಡಬೇಕು ಎಂದು ಮೆಲ್ಲಗೆ ಕೇಳಿದ. ಕಟ್ಟಿಕೊಂಡು ಕೂಡಬೇಕು, ಅದು ಹಿಂಡುವುದಕ್ಕಿಂತ ಕಷ್ಟದ ಕೆಲಸ, ನಿಮ್ಮಿಂದ ಆದೀತೋ ಇಲ್ಲವೋ ಎಂದರು ಜಿನಮತಿ. ಆ ಕೊನೆಯ ಮಾತು ಬೇಕೆಂದೇ ಆಡಿದ್ದು. ಮುದುಕನ ಮೀಸೆ ಕುಣಿಯಿತು. ಆಗುತ್ತದೋ ಇಲ್ಲವೋ ನೋಡೇಬಿಡೋಣ ಎಂದ.

ಮರುದಿನದಿಂದ ಜಿನಮತಿಯ ರಾಜ್ಯ ಶುರುವಾಯಿತು. ಮೊದಲು ಬೀಜ. ಹುಳ ಹಿಡಿದ ಬೀಜ ಗಿರಣಿಗೆ ಹಾಕುವ ಹಾಗಿಲ್ಲ, ಜೀವಹಿಂಸೆ. ಆದ್ದರಿಂದ ಪ್ರತಿಯೊಂದು ಗೋಣಿಯನ್ನೂ ಬಿಸಿಲಿನಲ್ಲಿ ಹರಡಿ, ಒಂದೊಂದೇ ಬೀಜ ಆರಿಸಬೇಕು. ಸಾವಂತ್ರವ್ವ ಗೊಣಗಿದಳು, ಆರಿಸಿದಳು. ಹುಳುಕು ಬೀಜ ಹೋದ ಮೇಲೆ ಎಣ್ಣೆಯ ಬಣ್ಣವೇ ತಿಳಿಯಾಯಿತು. ಎಣ್ಣೆಯನ್ನು ಎಂಟು ದಿನ ಕದಲಿಸದೆ ಇಡಬೇಕು, ಮೇಲಿನದನ್ನಷ್ಟೇ ಬಗ್ಗಿಸಿಕೊಳ್ಳಬೇಕು, ತಳದ ಗಸಿಯ ಆಸೆ ಬಿಡಬೇಕು. ದಪ್ಪ ಖಾದಿಯನ್ನು ಎರಡು ಪದರ ಮಾಡಿ ಕಟ್ಟಬೇಕು. ಬಟ್ಟೆ ಒಣಗಿರಬೇಕು, ನೀರಿನ ಪಸೆ ಎಣ್ಣೆಗೆ ಹೋಗಬಾರದು. ದೀಪಕ್ಕೆ ಹುಳ ಬಂದು ಬೀಳುತ್ತವೆ, ಆದ್ದರಿಂದ ಹೊತ್ತು ಮುಳುಗುವ ಮುಂಚೆ ಎಲ್ಲ ಮುಚ್ಚಿಡಬೇಕು. ಇನ್ನೂ ಒಂದು ಕಟ್ಟಳೆ ಇತ್ತು. ಮಳೆಗಾಲದ ನಾಲ್ಕು ತಿಂಗಳು, ಅವರ ಚಾತುರ್ಮಾಸದಲ್ಲಿ, ಬೀಜಕ್ಕೆ ಹುಳ ಬೀಳದೇ ಇರುವುದಿಲ್ಲ. ಆಗ ಹೊಂಗೆ ಅರೆಯುವುದೇ ಇಲ್ಲ. ಅರೆಸುವುದಿದ್ದರೆ ಆಷಾಢದೊಳಗೆ ಅರೆಸಿ ಮುಗಿಸು ಎಂದು ಸಿದರಾಯನ ಬೆನ್ನುಹತ್ತಿದರು. ಅವನು ಒಳಗೊಳಗೇ ಶಪಿಸುತ್ತ ಇದ್ದ ಬೀಜವನ್ನೆಲ್ಲ ಅರೆಸಿ ಮೂರು ಬ್ಯಾರಲ್ ಎಣ್ಣೆ ತುಂಬಿಟ್ಟ.

ಮುತ್ತಪ್ಪನನ್ನು ನೋಡಬೇಕಿತ್ತು. ಬಟ್ಟೆಯ ಎದುರು ಚಕ್ಕಳಬಕ್ಕಳ ಹಾಕಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹನಿ ಹನಿಯಾಗಿ ಇಳಿಯುವ ಎಣ್ಣೆಯನ್ನು ದಿನವಿಡೀ ನೋಡುತ್ತ ಕೂಡುತ್ತಿದ್ದ. ಮೊದಲ ದಿನಗಳಲ್ಲಿ ಕೈ ತಾನೇ ತಾನಾಗಿ ಬಟ್ಟೆಯ ಕಡೆ ಹೋಗುತ್ತಿತ್ತು. ಸೊಸೆ ಕೆಮ್ಮಿದರೆ ತಿರುಗಿ ಕಂಕುಳಿಗೆ ಬರುತ್ತಿತ್ತು. ಎರಡು ವಾರದ ಮೇಲೆ ಯಾರೂ ಕೆಮ್ಮಬೇಕಾಗಿರಲಿಲ್ಲ. ಹತ್ತಿರ ಬಂದು ಪಾತ್ರೆ ಅಲುಗಿಸಿದವರನ್ನು ಅವನೇ ಕಣ್ಣು ಬಿಟ್ಟು ಹೆದರಿಸುತ್ತಿದ್ದ. ಜಿನಮತಿ ಎರಡು ದಿನಕ್ಕೊಮ್ಮೆ ಬಂದು ಬೆರಳು ಅದ್ದಿ ನೋಡಿ, ಏನೂ ಅನ್ನದೆ ಹೋಗುತ್ತಿದ್ದರು. ಅವರು ಏನೂ ಅನ್ನದೆ ಹೋಗುವುದೆಂದರೆ ದೊಡ್ಡ ಶಾಭಾಸ್‌ಗಿರಿ.

ಹೀಗೆ ಒಂದು ತಿಂಗಳು ಗಾಡಿ ನಿಲ್ಲದೆ ಓಡಿತು. ಆದರೂ ಹದಿನೆಂಟು ಜನರ ಕಣ್ಣಿನಲ್ಲಿ ಆ ದೇಸೂರಿನ ಏರು ಹಾಗೇ ಇತ್ತು. ಏರು ಬಂದಾಗಲೆಲ್ಲ ಹಿಂದಿನಿಂದ ಮಾತು ನಿಂತುಹೋಗುವುದನ್ನು ಸಿದರಾಯ ಕೇಳುತ್ತಿದ್ದ.

ಆ ವರ್ಷ ಶ್ರಾವಣದಲ್ಲಿ ಡೀಸೆಲ್ ತರುವ ಟ್ಯಾಂಕರಿನವರು ಮುಷ್ಕರ ಹೂಡಿದರು. ಎರಡನೇ ದಿನ ಖಾನಾಪುರದ ಪಂಪಿನವರು ಡೀಸೆಲ್ ಇಲ್ಲವೆಂದು ಹಗ್ಗ ಕಟ್ಟಿದರು. ಮೂರನೇ ದಿನ ಬಸ್ಸುಗಳು ಅರ್ಧಕ್ಕರ್ಧ ನಿಂತವು. ನಾಲ್ಕನೇ ದಿನ ರಸ್ತೆಯಲ್ಲಿ ಎತ್ತಿನ ಗಾಡಿ, ಸೈಕಲ್ಲು ಬಿಟ್ಟರೆ ನಾಯಿ ಮಾತ್ರ. ಅದೇ ನಾಲ್ಕನೇ ದಿನ ಸಾತಪ್ಪನವರು ದುಡಿಯುವ ಫೌಂಡ್ರಿಯಲ್ಲಿ ದೊಡ್ಡ ಆರ್ಡರಿನ ಎರಕ. ಅಚ್ಚುಗಳು ತಯಾರಾಗಿ ಕೂತಿದ್ದವು, ಮಳೆಗಾಲದ ತೇವಕ್ಕೆ ಇನ್ನೊಂದು ದಿನ ತಡೆಯುತ್ತಿರಲಿಲ್ಲ. ಬರದಿದ್ದವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಸೂಪರವೈಜರು ಊರಿನ ಎಸ್‌ಟಿಡಿ ಬೂತಿಗೆ ಫೋನು ಮಾಡಿ ಹೇಳಿಸಿದ್ದರು.

ಬೆಳಗ್ಗೆ ಐದಕ್ಕೆ ಹದಿನೆಂಟು ಜನ ಸಿದರಾಯನ ಅಂಗಳದಲ್ಲಿ ನಿಂತಿದ್ದರು. ಜಿಟಿಜಿಟಿ ಮಳೆ. ಸಾತಪ್ಪ ಎದುರು ಬಂದು, ಗಾಡಿ ಹೋದೀತೇನು ಎಂದು ಕೇಳಿದ. ಆ ಮುಖದಲ್ಲಿ ಗರ್ವ ಇರಲಿಲ್ಲ. ಎಣ್ಣೆ ಬೇಕಾದಷ್ಟಿದೆ, ಆದರೆ ಡೀಸೆಲ್ ಇರುವುದು ಎರಡೇ ಲೀಟರು ಎಂದು ಸಿದರಾಯ ಇದ್ದದ್ದನ್ನು ಹೇಳಿದ. ಹೋಗುವಾಗ ಒಮ್ಮೆ ಎಬ್ಬಿಸಿ, ಮುಟ್ಟಿದ ಮೇಲೆ ಒಮ್ಮೆ ಆರಿಸಿ, ಬರುವಾಗ ಹಾಗೇ ಮಾಡಿದರೆ ಅಲ್ಲಿಂದಲ್ಲಿಗೆ ಸರಿ. ನಡುವೆ ಎಲ್ಲೂ ಎಂಜಿನ್ನು ಆರುವಂತಿಲ್ಲ. ಆರಿದರೆ ಎರಕವೂ ಹೋಯಿತು, ಎಂಜಿನ್ನೂ ಹೋಯಿತು.

ಸಾವಂತ್ರವ್ವ ಬಾಗಿಲಲ್ಲಿ ನಿಂತು ಬೇಡವೆಂದು ಕಣ್ಣಲ್ಲೇ ಹೇಳಿದಳು. ಅವಳದೂ ತಪ್ಪಲ್ಲ, ಮನೆಗೆ ಇರುವುದು ಅದೊಂದೇ ಗಾಡಿ. ಅಷ್ಟರಲ್ಲಿ ಮುತ್ತಪ್ಪ ಒಳಗಿನಿಂದ ಮಗ್ಗದಿಂದ ಇಳಿಸಿದ ಹೊಸ ಕಂಬಳಿ ತಂದು, ತಣ್ಣನೆಯ ಮಳೆಗಾಳಿ ತಾಗದಂತೆ ಎಣ್ಣೆಯ ಡಬ್ಬಿಗೆ ಎರಡು ಸುತ್ತು ಸುತ್ತಿ ಕಟ್ಟಿದ. ಮಗನನ್ನು ನೋಡಿ, "ಎಣ್ಣಿ ಸ್ವಚ್ಛ ಐತಿ. ನಾ ನೋಡೇನಿ. ಹೋಗು," ಎಂದ. ಸಿದರಾಯನಿಗೆ ಅಷ್ಟು ಸಾಕಾಯಿತು.

ಖಾನಾಪುರದ ಬಸ್ ಸ್ಟ್ಯಾಂಡಿನ ಮುಂದೆ ಉದ್ಯಮಬಾಗಕ್ಕೆ ಹೋಗುವ ಇನ್ನೂ ಹನ್ನೆರಡು ಜನ ಮಳೆಯಲ್ಲಿ ನೆನೆಯುತ್ತ ನಿಂತಿದ್ದರು. ಗಾಡಿ ನಿಧಾನ ಮಾಡಿದ, ನಿಲ್ಲಿಸಲಿಲ್ಲ. ಒಬ್ಬೊಬ್ಬರಾಗಿ ಓಡಿಬಂದು ಹತ್ತಿದರು. ಈಗ ಒಳಗೆ ಮೂವತ್ತು ಜನ. ದೇಸೂರಿನ ರೈಲ್ವೆ ಗೇಟು ಬಿದ್ದಿತ್ತು. ನಿಂತಲ್ಲೇ ಡೀಸೆಲ್ಲಿಗೆ ತಿರುವಿದರೆ ಸಂಜೆ ಊರಿಗೆ ಹೋಗಲು ಉಳಿಯುವುದಿಲ್ಲ. ಎಣ್ಣೆಯಲ್ಲೇ ಬಿಟ್ಟರೆ ನಿಂತ ಗಾಡಿಯ ಸೈಲೆನ್ಸರ್ ತಣ್ಣಗಾಗುತ್ತ ಬಂದು ಎಣ್ಣೆ ದಪ್ಪವಾಗುತ್ತದೆ. ಅವನು ಕಾಕಿನ ಮೇಲೆ ಕೈಯಿಟ್ಟ. ಆಮೇಲೆ ಕೈ ತೆಗೆದ. ಆಕ್ಸಿಲರೇಟರ್ ಒತ್ತಿ ಹಿಡಿದು ಎಂಜಿನ್ನು ಕೂಗುವಂತೆ ಇಟ್ಟ. ಗೂಡ್ಸ್ ಗಾಡಿ. ರೈಲಿನ ಡಬ್ಬಿಗಳು ಮುಗಿಯಲೇ ಒಲ್ಲವು. ಮೂವತ್ತು ಜನರಲ್ಲಿ ಒಬ್ಬನೂ ಬೀಡಿ ಹಚ್ಚಲಿಲ್ಲ, ಒಬ್ಬನೂ ಕೆಮ್ಮಲಿಲ್ಲ. ಎಲ್ಲರೂ ಎಂಜಿನ್ನಿನ ಸಪ್ಪಳಕ್ಕೆ ಕಿವಿಗೊಟ್ಟು ಕೂತಿದ್ದರು.

ಗೇಟು ಎದ್ದಿತು. ಆಚೆಗೇ ಆ ಏರು. ಸಿದರಾಯ ಸೆಕೆಂಡ್ ಗೇರಿಗೆ ಹಾಕಿ, ಹಲ್ಲು ಕಚ್ಚಿ, ಗಾಡಿಯನ್ನು ಮೇಲೆ ಬಿಟ್ಟ. ಎಂಜಿನ್ನು ಭಾರಕ್ಕೆ ಒಮ್ಮೆ ದನಿ ಇಳಿಸಿತು. ಹಿಂದಿನಿಂದ ಯಾರೋ ದೇವರ ಹೆಸರು ಹೇಳಿದರು. ಆದರೆ ಆ ದನಿ ತುಂಡಾಗಲಿಲ್ಲ, ನಡುಗಲಿಲ್ಲ; ಗುಂಯ್ ಎಂದು ಒಂದೇ ಸಮ ಏರಿ, ನೆತ್ತಿ ಮುಟ್ಟಿ, ಆ ಕಡೆ ಇಳಿಯಿತು. ಆಗ ಹಿಂದೆ ಮಾತು ಶುರುವಾಯಿತು. ಮೂವತ್ತೂ ಜನ ಒಮ್ಮೆಲೇ ಮಾತಾಡುತ್ತಿದ್ದರು. ಏನು ಮಾತಾಡುತ್ತಿದ್ದರೆಂದು ಸಿದರಾಯನಿಗೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಏಳಕ್ಕೆ ಹತ್ತು ನಿಮಿಷ ಇರುವಾಗ ಉದ್ಯಮಬಾಗ ಬಂತು. ರಸ್ತೆ ಭಣಭಣ. ಪ್ರತಿ ದಿನ ಸಾಲುಗಟ್ಟಿ ನಿಲ್ಲುವ ಟೆಂಪೋ, ಟ್ರಕ್ಕು ಒಂದೂ ಇಲ್ಲ. ಆ ಖಾಲಿ ರಸ್ತೆಯಲ್ಲಿ ಭಜಿ ವಾಸನೆ ಬಿಡುತ್ತ ಸಿದರಾಯನ ಗಾಡಿ ಒಂದೇ ಬಂದು ನಿಂತಾಗ ಗೇಟಿನ ವಾಚಮನ್ ಹೊರಗೆ ಬಂದ, ಸೂಪರವೈಜರು ಬಂದರು, ಅಕ್ಕಪಕ್ಕದ ಶೆಡ್ಡಿನವರೂ ಬಂದರು. ಯಾವ ಪಂಪಿನಲ್ಲಿ ಡೀಸೆಲ್ ಸಿಕ್ಕಿತು ಎಂದು ಎಲ್ಲರದೂ ಒಂದೇ ಪ್ರಶ್ನೆ. ಚಹಾದಂಗಡಿಯವನು ಆ ದಿನ ಏನೂ ಅನ್ನದೆ ಮೊದಲ ಚಹಾ ಸಿದರಾಯನಿಗೆ ಕೊಟ್ಟ, ಹಣ ಮುಟ್ಟಲಿಲ್ಲ. ಗಜಾನನ ಸೈಕಲ್ಲಿನಲ್ಲಿ ಓಡಿಬಂದು, ಕುಶಲ ಕೇಳುವ ಮುಂಚೆ ಫಿಲ್ಟರ್ ಬಿಚ್ಚಿ ಎತ್ತಿ ಹಿಡಿದ. ನಿನ್ನೆ ಹಾಕಿದ ಹೊಸದರ ಹಾಗಿತ್ತು. ಇಂಥ ಎಣ್ಣೆ ಯಾವ ಕಂಪನಿ ತೆಗೆಯುತ್ತದೆ ಎಂದು ಸೂಪರವೈಜರು ಕೇಳಿದರು.

"ಕಂಪನಿ ಅಲ್ಲರಿ," ಎಂದ ಸಿದರಾಯ. "ನಮ್ಮ ಊರ ಜಿನಮತಿ ಅಕ್ಕಾರು ಹೇಳಿಕೊಟ್ಟಾರ. ನಮ್ಮಪ್ಪ ಸೋಸ್ಯಾನ."

ಇಷ್ಟು ಹೇಳುವಾಗ ಅವನ ದನಿ ತಾನಾಗಿ ಎತ್ತರವಾಗಿತ್ತು. ಅಡಗಿಸಿಕೊಳ್ಳುವ ಮನಸ್ಸೂ ಆಗಲಿಲ್ಲ. ಈ ದಿನ ಹೆಮ್ಮೆ ಪಡದಿದ್ದರೆ ಇನ್ನು ಯಾವ ದಿನ ಪಡಬೇಕು?

ಮಧ್ಯಾಹ್ನ ಮುಷ್ಕರ ಮುಗಿಯಿತೆಂದು ಸುದ್ದಿ ಬಂತು. ಪಂಪುಗಳ ಹಗ್ಗ ಬಿಚ್ಚಿದರು. ನಾಲ್ಕಕ್ಕೆ ಫೌಂಡ್ರಿಯ ಭೋಂಗಾ ಕೂಗುವಷ್ಟರಲ್ಲಿ ಕಂತ್ರಾಟದಾರನ ಹೊಸ ಬಸ್ಸು ಗೇಟಿನ ಎದುರು ಬಂದು ನಿಂತಿತ್ತು. ಮೈಮೇಲೆ ಹಳದಿ ಬಣ್ಣ, ಕಿಟಕಿಗೆ ಪರದೆ, ಒಳಗೆ ಹಾಡು. ಈ ಹೊತ್ತು ಪುಕ್ಕಟೆ, ಪಾರಿಶ್ವಾಡದವರು ಹತ್ತಿರಿ ಎಂದು ಅದರ ಮ್ಯಾನೇಜರು ಬಾಗಿಲಲ್ಲಿ ನಿಂತು ಕರೆಯುತ್ತಿದ್ದ. ಪಕ್ಕದಲ್ಲಿ ಸಿದರಾಯನ ಟೆಂಪೋ, ಕೆಸರು ಬಡಿದುಕೊಂಡು, ಡಬ್ಬಿಗೆ ಕಂಬಳಿ ಹೊದ್ದು ನಿಂತಿತ್ತು. ಅವನು ಸೀಟಿನಲ್ಲಿ ಕೂತು ಎದುರಿನ ರಸ್ತೆ ನೋಡುತ್ತಿದ್ದ. ಒಬ್ಬನನ್ನೂ ಕರೆಯಬಾರದೆಂದು ನಿಶ್ಚಯಿಸಿದ್ದ. ಕರೆದು ಹತ್ತಿಸಿಕೊಂಡರೆ ಅದು ಬೇಡಿದ ಹಾಗೆ.

ಖಾನಾಪುರದ ಹನ್ನೆರಡು ಜನ ಮತ್ತೆ ಶುರುವಾದ ಸರ್ಕಾರಿ ಬಸ್ಸಿನ ಕಡೆ ನಡೆದರು. ಪಾರಿಶ್ವಾಡದ ಹದಿನೆಂಟು ಜನ ಮೈತುಂಬ ಕರಿ ಉಸುಕು ಮೆತ್ತಿಕೊಂಡು ಹೊರಗೆ ಬಂದರು. ಸಾತಪ್ಪ ಮುಂದೆ. ಅವನು ಬಸ್ಸಿನ ಬಾಗಿಲವರೆಗೆ ಹೋದ. ಸಿದರಾಯ ಓರೆಗಣ್ಣಿನಲ್ಲಿ ನೋಡಿದ, ನೋಡಿದ್ದಕ್ಕೆ ತನ್ನನ್ನೇ ಬೈದುಕೊಂಡ.

"ಮುಂಜಾಲೆ ಎಲ್ಲಿದ್ದ್ರಿ?" ಎಂದು ಸಾತಪ್ಪ ಮ್ಯಾನೇಜರನನ್ನು ಕೇಳಿದ.

ಡೀಸೆಲ್ ಇರಲಿಲ್ಲವಲ್ಲ ಎಂದ ಅವನು. ಸಾತಪ್ಪ ತಲೆಯಾಡಿಸಿದ. ಸಿಟ್ಟಿನಿಂದಲ್ಲ, ಅವರದೂ ನಿಜವೇ ಎನ್ನುವ ಹಾಗೆ. ಆಮೇಲೆ ತಿರುಗಿ ಬಂದು ಟೆಂಪೋ ಹತ್ತಿ ತನ್ನ ಜಾಗದಲ್ಲಿ ಕೂತ. ಅವನ ಹಿಂದೆ ಹದಿನೇಳು ಜನ. ಒಬ್ಬನೂ ಪರದೆಯ ಕಡೆ ಹೊರಳಿ ನೋಡಲಿಲ್ಲ. ಕೊನೆಗೆ ಹತ್ತಿದವನು ಬಾಗಿಲು ಎಳೆದುಕೊಂಡಾಗ ಸಿದರಾಯ ಕನ್ನಡಿಯಲ್ಲಿ ಆ ಮುಖಗಳನ್ನು ಒಂದೊಂದಾಗಿ ನೋಡಿ ಬೀಗದ ಕೈ ತಿರುವಿದ.

ಊರು ಮುಟ್ಟಿದಾಗ ಹೊತ್ತು ಮುಳುಗಲು ಇನ್ನೂ ಮುಕ್ಕಾಲು ತಾಸು ಇತ್ತು. ಮಳೆ ನಿಂತು ಹೂಬಿಸಿಲು ಬಿದ್ದಿತ್ತು. ಸಾತಪ್ಪ ಗಾಡಿಯನ್ನು ಎಣ್ಣೆ ಗಿರಣಿಯ ಮುಂದೆ ನಿಲ್ಲಿಸು ಎಂದ. ಕಟ್ಟೆಯ ಮೇಲೆ ಜಿನಮತಿ ಕೂತಿದ್ದರು. ಇನ್ನೊಂದು ತುದಿಗೆ ಮುತ್ತಪ್ಪ. ಬೆಳಗ್ಗೆ ಗಾಡಿ ಹೋದಾಗಿನಿಂದ ಅವನು ಅಲ್ಲೇ ಕೂತಿದ್ದನಂತೆ, ಊಟಕ್ಕೂ ಏಳದೆ. ಹದಿನೆಂಟು ಜನ ಇಳಿದು ಕಟ್ಟೆಯ ಎದುರು ನಿಂತರು. ಭಟ್ಟಿಯ ಮುಂದೆ ಹೆದರದ ಸಾತಪ್ಪ ಜಿನಮತಿಯ ಮುಂದೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಕ್ಕಾರ, ನಾವು ಬಸ್ಸ ಬಿಟ್ಟ ಬಂದೇವ್ರಿ," ಎಂದ. "ಬರೂ ವರ್ಷ ಹೊಂಗಿ ಬೀಜ ನಾವೂ ಆರಸತೇವ್ರಿ. ಸಿದರಾಯನ ಒಬ್ಬನ ಗಾಡಿ ಸಾಲಂಗಿಲ್ಲ, ಊರಾಗ ಇನ್ನೂ ಎರಡ ಗಾಡಿ ಓಡಲಿ. ಎಣ್ಣಿ ಸೋಸೂದು ನಮಗೂ ಕಲಸರಿ."

ಜಿನಮತಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ನಂಗೇನು ಕೇಳತೀರಿ," ಎಂದರು. "ಸೋಸೂ ಕೈ ಈಗ ನಂದಲ್ಲ. ಕಲಸಾವ್ರು ಅಲ್ಲಿ ಕುಂತಾರ, ಅವರನ್ನ ಕೇಳ್ರಿ."

ಹದಿನೆಂಟು ಜನ ಒಮ್ಮೆಲೇ ಮುತ್ತಪ್ಪನ ಕಡೆ ತಿರುಗಿದರು. ಮುದುಕ ಮೊದಲು ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ತನ್ನನ್ನೇ ತೋರಿಸಿದ್ದು ಎಂದು ಖಾತ್ರಿಯಾದ ಮೇಲೆ ಎದ್ದುನಿಂತ, ರುಮಾಲು ಸರಿ ಮಾಡಿಕೊಂಡ, ಗಂಟಲು ಸರಿ ಮಾಡಿಕೊಂಡ.

"ಐತವಾರ ಬರ್ರಿ," ಎಂದ. "ಹೊತ್ತ ಹುಟ್ಟೂದರಾಗ ಬರ್ರಿ. ಗಡಬಡ ಮಾಡಾಂವ ಯಾಂವೂ ಬರಬ್ಯಾಡ್ರಿ."

ಆ ದನಿ ಗಿರಣಿಯ ಗೋಡೆಗೆ ಬಡಿದು ಓಣಿಯ ಕೊನೆಯವರೆಗೆ ಹೋಯಿತು. ನೀರಿಗೆ ಹೊರಟಿದ್ದ ಸಾವಂತ್ರವ್ವ ಕೊಡ ಹಿಡಿದುಕೊಂಡೇ ಹೊರಗೆ ಬಂದಳು, ಅಕ್ಕಪಕ್ಕದ ಮನೆಯವರೂ ಬಂದರು. ಸ್ಟೇರಿಂಗಿನ ಹಿಂದೆ ಕೂತ ಸಿದರಾಯ ಆ ದನಿ ಕೇಳಿ ಆರು ವರ್ಷವಾಗಿತ್ತು. ಅವನ ಕಣ್ಣು ತುಂಬಿ ಬಂತು. ಎದುರಿಗೆ ಇಷ್ಟು ಜನ ಇದ್ದರೂ ಅವನು ಒರೆಸಿಕೊಳ್ಳಲು ಹೋಗಲಿಲ್ಲ.